ಊರಿನ ಕಡೆಗಿದ್ದ ಗೋಡೆ

ನನ್ನ ಗಂಡ ತೋರ್‌ಗುಲ್ ಹಾಸಿಗೆಯಲ್ಲಿ ಸತ್ತ. ಬಂದೂಕು ಹೊತ್ತವರು ಹಾಸಿಗೆಯಲ್ಲಿ ಸಾಯುವುದು ಕಾಬೂಲಿನ ಪಕ್ಕದ ನಮ್ಮ ವರ್ದಕ್ ಸೀಮೆಯಲ್ಲಿ ಅಪರೂಪ. ಎದೆಯಲ್ಲಿ ಕಫ ಕಟ್ಟಿತು, ಚಳಿಗಾಲ ದಾಟಲಿಲ್ಲ, ಅಷ್ಟೆ. ತಲೆ ನನ್ನ ತೊಡೆಯ ಮೇಲಿತ್ತು. ಊರಿನ ಗಂಡಸರೆಲ್ಲ ಹೆಗಲು ಕೊಟ್ಟು ಒಯ್ದರು. ಹೊರಗಿನವನಿಗೆ, ಅದರಲ್ಲೂ ಸರ್ಕಾರದ ಸಿಪಾಯಿಯಾಗಿದ್ದವನಿಗೆ, ಜರ್ಕಲೈ ಊರು ಹೆಗಲು ಕೊಟ್ಟದ್ದು ಹೇಗೆ ಎಂದು ಹೇಳುತ್ತೇನೆ. ಅಳುತ್ತ ಹೇಳುವುದಿಲ್ಲ. ಅತ್ತು ಮುಗಿಸಿದ್ದೇನೆ.

ನಮ್ಮ ಊರಿನ ಮೇಲೆ ಒಂದು ಬೋಳು ಗುಡ್ಡ ಇದೆ. ಸೈನ್ಯದವರು ಅದರ ನೆತ್ತಿಯ ಮೇಲೆ ಚೌಕಿ ಕಟ್ಟಿದರು. ಮರಳಿನ ಮೂಟೆ, ಮುಳ್ಳುತಂತಿ, ಮೂಲೆ ಮೂಲೆಗೆ ಕಾವಲು. ಕಣಿವೆಯ ರಸ್ತೆ ಕಾಯುವುದಕ್ಕೆ ಎಂದರು. ರಸ್ತೆ ಕಾದರೋ ಇಲ್ಲವೋ, ನಮ್ಮ ಅಂಗಳ ಮಾತ್ರ ಅವರಿಗೆ ಚೆನ್ನಾಗಿ ಕಾಣುತ್ತಿತ್ತು. ಗುಡ್ಡದ ಬುಡದಲ್ಲಿ ಮೊದಲನೆಯ ಮನೆ ನಮ್ಮದು. ರೊಟ್ಟಿ ಸುಡಲು ತಂದೂರಿಗೆ ಬಗ್ಗಿದರೆ ಕಾಣುತ್ತಿತ್ತು. ತಲೆ ಬಾಚಿದರೆ ಕಾಣುತ್ತಿತ್ತು. ಚೊಂಬು ಹಿಡಿದು ಹಿತ್ತಿಲಿಗೆ ಹೋದರೂ ಕಾಣುತ್ತಿತ್ತು.

ನಮ್ಮಲ್ಲಿ ಗಂಡಸು ತನ್ನ ಸ್ವಂತ ಮಾಳಿಗೆ ಹತ್ತುವಾಗಲೂ ಮೊದಲು ಕೂಗುತ್ತಾನೆ, ‘ಹತ್ತುತ್ತಾ ಇದ್ದೀನಿ’ ಅಂತ. ಅಕ್ಕಪಕ್ಕದ ಅಂಗಳದ ಹೆಂಗಸರು ಮುಸುಕು ಎಳೆದುಕೊಂಡು ಒಳಗೆ ಸರಿಯುತ್ತಾರೆ. ಮರ ಹತ್ತಿ ಹಿಪ್ಪುನೇರಳೆ ಉದುರಿಸುವವನೂ ಕೂಗುತ್ತಾನೆ. ಕೂಗದೆ ಹತ್ತಿದವನ ಕಾಲು ಮುರಿದರೆ ಯಾರೂ ಮರುಗುವುದಿಲ್ಲ. ಆ ಚೌಕಿಯೋ, ಕೂಗದೆ ಮಾಳಿಗೆ ಹತ್ತಿ ಇಳಿಯದೇ ನಿಂತ ಗಂಡಸಿನ ಹಾಗಿತ್ತು. ಊರಿನವರು ಸಿಪಾಯಿಗಳನ್ನು ದ್ವೇಷಿಸುತ್ತಿದ್ದದ್ದು ಅವರ ಬಂದೂಕಿಗಲ್ಲ. ಬಂದೂಕು ಎಲ್ಲರ ಹತ್ತಿರವೂ ಇತ್ತು.

ತೋರ್‌ಗುಲ್ ಆ ಚೌಕಿಗೆ ಹವಾಲ್ದಾರನಾಗಿ ಬಂದ. ಊರು ಲಘ್ಮಾನ್. ಅಪ್ಪ ಅಮ್ಮ ಇಲ್ಲ. ಗಸ್ತಿಗೆ ಇಳಿದ ಮೊದಲ ದಿನ ಮಕ್ಕಳಿಗೆ ಬಿಸ್ಕತ್ತು ಹಂಚಿದ, ಮುದುಕರಿಗೆ ಸಲಾಮು ಹೊಡೆದ. ಮಕ್ಕಳು ಬಿಸ್ಕತ್ತು ತಿಂದವು. ಮುದುಕರು ಅವನು ಬೆನ್ನು ತಿರುಗಿಸಿದ ಮೇಲೆ ಉಗಿದರು. ನಮ್ಮ ಅನಾ, ಅಂದರೆ ನನ್ನ ಅಪ್ಪನ ತಾಯಿ, ಬಾಗಿಲ ಸಂದಿಯಿಂದ ನೋಡಿ ಹೇಳಿದಳು:

“ಲಘ್ಮಾನಿನವನಂತೆ. ಸೈತಾನನಿಗೇ ಅವನ ಬಾಲ ಮಾರೋ ಜನ. ಬಿಸ್ಕತ್ತು ಕೊಟ್ಟು ಏನು ಕೊಂಡ್ಕೊಳ್ಳೋಕೆ ಬಂದಿದಾನೋ.”

ನನ್ನ ಅಪ್ಪ ಅಖ್ಮೀರ್ ಮಣ್ಣಿನ ಗೋಡೆ ಕಟ್ಟುವವನು. ಸುತ್ತಲ ಊರಿನವರೆಲ್ಲ ಉಸ್ತಾದ್ ಎನ್ನುತ್ತಿದ್ದರು. ಮಣ್ಣಿಗೆ ಹುಲ್ಲು ಬೆರೆಸಿ, ತುಳಿದು, ಮೊಳದೆತ್ತರ ಒಂದು ಪದರ ಹಾಕಬೇಕು. ಅದು ಪೂರ್ತಿ ಒಣಗಿದ ಮೇಲೆ ಮೇಲಿನದು. ಬೇರೆಯವರ ಮನೆಯಲ್ಲಿ ಹೀಗೇ ಕಟ್ಟುತ್ತಿದ್ದ. ನಮ್ಮ ಮನೆಗೆ ಬಂದಾಗ ತಾಳ್ಮೆ ಕೆಟ್ಟಿತು. ಚೌಕಿಯ ಕಣ್ಣು ಮರೆಮಾಡಬೇಕೆಂದು ಅಂಗಳದ ಗೋಡೆಯ ಮೇಲೆ ಹಸಿ ಪದರದ ಮೇಲೆ ಹಸಿ ಪದರ ಏರಿಸಿದ. ವಸಂತದ ಮಳೆ ಬಂತು. ಒಂದು ಬೆಳಿಗ್ಗೆ ಇಡೀ ಗೋಡೆ ಹೊಟ್ಟೆ ಬಿಟ್ಟುಕೊಂಡು ಅಂಗಳಕ್ಕೆ ಬಿತ್ತು. ಉಸ್ತಾದನ ಗೋಡೆ! ನೋಡಲು ಬಂದ ಊರವರು ನಗಲಿಲ್ಲ. ಅವರಿಗೂ ಗೊತ್ತಿತ್ತು ಅಪ್ಪನಿಗೆ ಯಾಕೆ ಅವಸರವಾಯಿತು ಎಂದು.

ಮಧ್ಯಾಹ್ನ ತೋರ್‌ಗುಲ್ ಬಂದು ಬೀದಿಯಲ್ಲೇ ನಿಂತ. ನಾನೂ ಅನಾನೂ ಒಳಗೆ ಪರದೆಯ ಹಿಂದೆ.

“ಉಸ್ತಾದ್ ಕಾಕಾ, ಗೋಡೆ ಬಿತ್ತಲ್ಲ.”

“ನಮಗಿಂತ ಮೊದಲು ನಿನಗೇ ಕಂಡಿರುತ್ತೆ ಬಿಡು.”

“ಇಷ್ಟೆತ್ತರ ಯಾಕೆ ಕಟ್ಟಿದ್ರಿ? ಕಳ್ಳರ ಕಾಟಾನಾ?”

ಅನಾಗೆ ತಡೆಯಲಾಗಲಿಲ್ಲ. ಒಳಗಿನಿಂದಲೇ ಕೂಗಿದಳು: “ಹೌದಪ್ಪಾ ಕಳ್ಳರೇ! ಗುಡ್ಡದ ಮೇಲೆ ಕೂತು ನನ್ನ ಮೊಮ್ಮಗಳ ಜಡೆ ಎಣಿಸೋ ಕಳ್ಳರು! ನಿಮ್ಮೂರಲ್ಲಿ ಮಾಳಿಗೆ ಹತ್ತೋನು ಕೂಗಲ್ವೇನೋ? ನಿನ್ನ ಹೆತ್ತವಳು ಅಷ್ಟೂ ಕಲಿಸಲಿಲ್ವಾ?”

ಅವನು ಅಂದ: “ಕಲಿಸಿದ್ದಳು ಅಜ್ಜಿ. ನಮ್ಮೂರಲ್ಲೂ ಕೂಗ್ತೀವಿ. ಬಂದೂಕು ಕೈಗೆ ಬಂದ ಮೇಲೆ ಮರೆತೆ.”

ಮಾರನೆಯ ದಿನ ಬೆಳಿಗ್ಗೆ ಬಂದ. ಬಿಸ್ಕತ್ತಿನ ಚೀಲ ಇರಲಿಲ್ಲ. ಬೂಟು ಬಿಚ್ಚಿದ, ಷರಾಯಿ ಮೊಣಕಾಲಿಗೆ ಮಡಚಿದ, ಮಣ್ಣಿನ ಗುಂಡಿಗೆ ಇಳಿದ. ಬಂದೂಕನ್ನು ಅಪ್ಪನ ಪಕ್ಕದ ಮರಕ್ಕೆ ಒರಗಿಸಿದ.

“ಏನಯ್ಯಾ, ನನ್ನ ಕೈಗೆ ಸಿಗೋ ಹಾಗೆ ಇಟ್ಟಿದೀಯ?” ಅಂದ ಅಪ್ಪ.

“ನಿಮ್ಮ ಸನಿಕೆ ನನ್ನ ಕೈಗೆ ಸಿಗೋ ಹಾಗಿದೆಯಲ್ಲ ಕಾಕಾ. ಸಮ ಆಯ್ತು.”

ತುಳಿದ. ಚೆನ್ನಾಗಿ ತುಳಿಯಲಿಲ್ಲ, ಎಮ್ಮೆಯ ಹಾಗೆ ತುಳಿದ. ಅಪ್ಪ ಬೈದು ಬೈದು ಕಲಿಸಿದ. ಚಹಾದ ಹೊತ್ತಿಗೆ ಇಬ್ಬರೂ ಬಿದ್ದ ಗೋಡೆಯ ಮೇಲೆ ಕೂತರು. ಅಪ್ಪ ಗುಡ್ಡದ ಕಡೆ ಗಲ್ಲ ಎತ್ತಿ ತೋರಿಸಿದ.

“ನಾನು ಎಷ್ಟು ಎತ್ತರ ಕಟ್ಟಿದರೂ ಗುಡ್ಡ ಅದಕ್ಕಿಂತ ಎತ್ತರಾನೇ. ಗೋಡೆ ಇರಬೇಕಾದ್ದು ಇಲ್ಲಲ್ಲ ಹುಡುಗ. ಅಲ್ಲಿ, ನಿಮ್ಮ ಕಣ್ಣಿನ ಮುಂದೆ.”

ತೋರ್‌ಗುಲ್ ಗುಡ್ಡವನ್ನು ಬಹಳ ಹೊತ್ತು ನೋಡಿದ. ಚಹಾ ಆರಿಹೋಯಿತು.

ಚೌಕಿಯಲ್ಲಿ ನಡೆದದ್ದನ್ನು ಅವನೇ ನನಗೆ ಆಮೇಲೆ ಹೇಳಿದ. ಕಪ್ತಾನ ಸುಹ್ರಾಬ್ ಕಾಬೂಲಿನಲ್ಲಿ ಬೆಳೆದವನು. ಕೆಟ್ಟವನಲ್ಲ. ಹೆದರಿದವನು.

“ಊರಿನ ಕಡೆ ಗೋಡೆ ಹಾಕಬೇಕಾ? ಚೌಕಿಯ ಒಂದು ಕಣ್ಣು ಕಿತ್ಕೋ ಅಂತೀಯಾ?”

“ಆ ಕಡೆ ಊರಿನವರು ನೋಡ್ಕೋತಾರೆ ಸಾಹೇಬ್.”

“ನಿನ್ನ ಬೆನ್ನಿಗೆ ಉಗಿಯೋರಾ?”

“ಗೋಡೆ ಇಲ್ಲ ಅಂತಾನೇ ಉಗಿಯೋದು.”

“ಆ ಕಡೆಯಿಂದ ಒಂದೇ ಒಂದು ಗುಂಡು ಬರಲಿ, ನಿನ್ನನ್ನ ಅದೇ ಗೋಡೆಗೆ ನಿಲ್ಲಿಸ್ತೀನಿ. ಕಟ್ಟಿದ ಉಸ್ತಾದ್‌ನನ್ನೂ.”

“ನನ್ನನ್ನ ನಿಲ್ಲಿಸಿ. ಅವನನ್ನ ಬಿಡಿ.”

“ಬಿಡಲ್ಲ” ಅಂದ ಕಪ್ತಾನ. ಆದರೂ ಒಪ್ಪಿದ. ಯಾಕೆಂದರೆ ಚಳಿಗಾಲದಲ್ಲಿ ರಸ್ತೆಯಲ್ಲಿ ಹೂತ ಬಾಂಬು ಸಿಡಿದು ಅವನ ಇಬ್ಬರು ಸಿಪಾಯಿ ಹುಡುಗರು ಸತ್ತಿದ್ದರು. ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂದರೆ ಸುಳ್ಳು. ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಊರು ಬಾಯಿ ಬಿಡದಿದ್ದರೆ ಎಷ್ಟು ಕಣ್ಣಿದ್ದರೂ ಅಷ್ಟೆ ಎಂದು ಕಪ್ತಾನನಿಗೂ ಅನ್ನಿಸಿತ್ತು.

ಅಪ್ಪ ಗುಡ್ಡ ಹತ್ತಿ ಗೋಡೆ ಕಟ್ಟಿದ. ಈ ಸಲ ಅವಸರ ಮಾಡಲಿಲ್ಲ. ಪದರ ಒಣಗುವವರೆಗೆ ಸಿಪಾಯಿಗಳ ಜೊತೆ ಚಹಾ ಕುಡಿದು ಕೂತ. ಒಂದು ಕಿಂಡಿಯನ್ನೂ ಬಿಡಲಿಲ್ಲ. ಗೋಡೆ ಗಂಡಸಿಗಿಂತ ಎತ್ತರ ಬಂದ ದಿನ ಊರಿನ ಹೆಂಗಸರು ಅಂಗಳಕ್ಕೆ ಹಾಸಿಗೆ ತಂದು ಹಾಕಿದರು. ನಾನು ಹಗಲಿನಲ್ಲಿ, ಬಿಸಿಲಿನಲ್ಲಿ, ತಲೆ ತೊಳೆದು ಕೂದಲು ಹರವಿ ಕೂತೆ. ಅನಾ ಗುಡ್ಡದ ಕಡೆ ತಿರುಗಿ ನಾಲಗೆ ಚಾಚಿದಳು. “ಕಂಡಿತೇನ್ರೋ?” ಅಂದಳು.

ಅಂದಿನಿಂದ ತೋರ್‌ಗುಲ್ ಗಸ್ತಿಗೆ ಇಳಿಯುವಾಗ ಗುಡ್ಡದ ತಿರುವಿನಲ್ಲಿ ನಿಂತು ಕೂಗುತ್ತಿದ್ದ: “ಬರ್ತಾ ಇದ್ದೀವಿ!” ಕಪ್ತಾನ ತಲೆ ಚಚ್ಚಿಕೊಂಡ. “ಗಸ್ತು ಹೋಗೋನು ಕೂಗ್ಕೊಂಡು ಹೋಗ್ತಾನೆ. ಮುಂದೆ ಬಾರಿಸ್ಕೊಂಡು ಹೋಗೋಕೆ ತಮಟೆ ಕೊಡಿಸಲೇನೋ?” ಎಂದು ಬೈದ. ಆದರೆ ಕೆಲವು ವಾರದಲ್ಲೇ ಕುರಿ ಕಾಯುವ ಮುದುಕನೊಬ್ಬ ತೋರ್‌ಗುಲ್‌ಗೆ ಎದುರಾಗಿ, ಆಕಾಶ ನೋಡುತ್ತ, “ಇವತ್ತು ಮೋರಿ ಹತ್ತಿರ ನನ್ನ ಕುರಿ ದಾಟ್ತಾ ಇಲ್ಲ ಕಣಪ್ಪಾ” ಅಂದು ಮುಂದೆ ಹೋದ. ಸಿಪಾಯಿಗಳು ಮೋರಿಯ ಕೆಳಗಿನಿಂದ ಬಾಂಬು ತೆಗೆದರು. ಕಪ್ತಾನ ಮತ್ತೆ ತಮಟೆಯ ಮಾತು ಎತ್ತಲಿಲ್ಲ.

ಗೋಡೆಯ ಸುದ್ದಿ ಬೆಟ್ಟದವರಿಗೂ ಮುಟ್ಟಿತು. ಸರ್ಕಾರದ ಮೇಲೆ ಬಂದೂಕು ಹಿಡಿದವರನ್ನು ನಾವು ಹಾಗೆ ಕರೆಯುತ್ತಿದ್ದೆವು. ಅವರಲ್ಲಿ ಇಬ್ಬರು ಒಂದು ಸಂಜೆ ಅಪ್ಪನನ್ನು ನೋಡಲು ಬಂದರು. ಅಪ್ಪ ತನ್ನ ಕಥೆ ಮುಗಿಯಿತು ಎಂದುಕೊಂಡ. ಅವರು ಅಪ್ಪನ ಬೆನ್ನು ತಟ್ಟಿದರು.

“ಶಹಬ್ಬಾಸ್ ಉಸ್ತಾದ್! ನಾವು ಹೇಳದೇನೇ ಚೌಕಿಯ ಕಣ್ಣು ಕಿತ್ತುಬಿಟ್ಟೆಯಲ್ಲ. ನಿನ್ನ ತೋಟದಿಂದ ಹತ್ತಿದರೆ ಗೋಡೆ ಬುಡದವರೆಗೂ ಒಬ್ಬನಿಗೂ ಕಾಣಲ್ಲ.”

ಅವರು ಹೋದ ಮೇಲೆ ಅಪ್ಪ ಅಂಗಳದಲ್ಲಿ ಕುಕ್ಕುರುಗಾಲಲ್ಲಿ ಕೂತ. “ಅವರು ಆ ಕಡೆಯಿಂದ ಹತ್ತಿದರೆ ಕಪ್ತಾನ ನನ್ನನ್ನ ಕೊಲ್ತಾನೆ. ನಾನು ಮೊದಲೇ ಹೇಳಿದರೆ ಇವರು ಕೊಲ್ತಾರೆ. ಆ ಹುಡುಗ ಅಂತೂ ಎರಡರಲ್ಲೂ ಸಾಯ್ತಾನೆ” ಅಂದ. ಮರುದಿನ ತೋರ್‌ಗುಲ್‌ಗೆ ಹೇಳಲು ಹೊರಟ. ಆದರೆ ಬಾಗಿಲಲ್ಲಿ, ತೋಟದಲ್ಲಿ, ಮಸೀದಿಯಲ್ಲಿ ಎಲ್ಲಿ ನೋಡಿದರೂ ಗುರುತಿಲ್ಲದ ಒಬ್ಬನಲ್ಲ ಒಬ್ಬ ಕೂತಿರುತ್ತಿದ್ದ. ಬಾಯಿ ಬಿಡುವ ಹಾಗಿರಲಿಲ್ಲ.

ಅಷ್ಟರಲ್ಲಿ ನಮ್ಮ ಬಾಬಾ, ಅನಾಳ ಗಂಡ, ತೀರಿಕೊಂಡ. ವಯಸ್ಸಾಗಿತ್ತು. ತೋರ್‌ಗುಲ್ ಬೂಟಿಲ್ಲದೆ ಬಂದು ಮಣ್ಣು ಹಾಕಿದ. ಸಾವಿನ ನಲವತ್ತು ದಿನ ತುಂಬುವವರೆಗೆ ನಮ್ಮಲ್ಲಿ ಯಾರ ಮನೆಯಲ್ಲೂ ಮದುವೆ ಮಾಡುವುದಿಲ್ಲ, ದಾಯಿರಾ ಮುಟ್ಟುವುದಿಲ್ಲ. ದಾಯಿರಾ ಅಂದರೆ ಹೆಂಗಸರು ಮದುವೆಯಲ್ಲಿ ಬಾರಿಸುವ ಚರ್ಮದ ವಾದ್ಯ, ಜರಡಿಯಷ್ಟು ಅಗಲ. ನೆರೆಮನೆಯವರು ಗೊತ್ತಾಗಿದ್ದ ಮದುವೆಯನ್ನೇ ಮುಂದಕ್ಕೆ ಹಾಕಿದರು. ತೋರ್‌ಗುಲ್ ಚೌಕಿಯಲ್ಲಿ ರೇಡಿಯೋದ ಹಾಡು ನಿಲ್ಲಿಸಿದ. ಹುಡುಗರು ಗೊಣಗಿದಾಗ, “ಕೆಳಗೆ ಸಾವಿನ ಮನೆ ಇದೆ. ನಿಮ್ಮಜ್ಜ ಸತ್ತರೆ ಕುಣೀತೀರಾ?” ಅಂದನಂತೆ.

ಬಾಬಾನ ನಲವತ್ತು ಇನ್ನೂ ತುಂಬಿರಲಿಲ್ಲ. ಶುಕ್ರವಾರ ಮಧ್ಯಾಹ್ನ, ಗಂಡಸರೆಲ್ಲ ಮಸೀದಿಯಲ್ಲಿದ್ದಾಗ, ಬೆಟ್ಟದವರು ಬಂದರು. ಕಣಿವೆಯಾಚೆಯವರು, ನಮ್ಮೂರಿನ ಮುಖ ಒಂದೂ ಇರಲಿಲ್ಲ. ಕೆಲವರು ಮಸೀದಿಯ ಬಾಗಿಲಿಗೆ ನಿಂತರು. ಉಳಿದವರು ನಮ್ಮ ಅಂಗಳ ಹಾದು ಸೇಬಿನ ತೋಟಕ್ಕೆ ಇಳಿದರು. ಕೊನೆಯವನು ಬಾಗಿಲಲ್ಲಿ ನಿಂತು ಹೇಳಿದ:

“ಒಳಗಿರಿ. ಯಾರಾದರೂ ಕೂಗಿದ್ದು ಕೇಳಿಸ್ತೋ, ನಿಮ್ಮ ಉಸ್ತಾದ್ ಮಸೀದಿಯಿಂದ ನಡ್ಕೊಂಡು ಬರಲ್ಲ.”

ಅವನು ಹೋದ. ತೋಟದಲ್ಲಿ ಒಣ ಎಲೆ ಮುರಿಯುವ ಸದ್ದು. ಅಲ್ಲಿಂದ ಗುಡ್ಡ, ಗುಡ್ಡದ ಮೇಲೆ ಅಪ್ಪನ ಗೋಡೆ, ಗೋಡೆಯ ಆಚೆ ಏನೂ ಕಾಣದ ತೋರ್‌ಗುಲ್. ಕೂಗಿದರೆ ಅಪ್ಪ ಹೋಗುತ್ತಾನೆ. ಸುಮ್ಮನಿದ್ದರೂ ಅಪ್ಪ ಹೋಗುತ್ತಾನೆ, ಜೊತೆಗೆ ಅವನೂ.

ಆಗ ಪೆಟ್ಟಿಗೆಯ ಮೇಲೆ ಕಣ್ಣು ಬಿತ್ತು. ಒಳಗಿನ ಬಟ್ಟೆ ಕಿತ್ತೆಸೆದು ಅಡಿಯಿಂದ ದಾಯಿರಾ ತೆಗೆದೆ. ತೆಗೆದವಳು ಹಾಗೇ ನಿಂತೆ. ಅದು ಬಾಬಾ ಮಲಗಿದ್ದ ಕೋಣೆ.

“ಅನಾ, ಬಾಬಾನ ನಲವತ್ತು...”

ಅನಾ ನನ್ನ ಮುಖ ನೋಡಿದಳು, ದಾಯಿರಾ ನೋಡಿದಳು. ನನಗಿಂತ ಬೇಗ ಅವಳಿಗೆ ಅರ್ಥವಾಯಿತು.

“ಹೊಡಿ ಶಿಂಕೈ” ಅಂದಳು. “ಅವನಿಗೆ ಬದುಕಿದ್ದಾಗಲೇ ಕಿವಿ ಕೇಳ್ತಿರಲಿಲ್ಲ.”

ಹೊಡೆದೆ. ಮದುವೆಯ ಹೆಣ್ಣನ್ನು ಕರೆದೊಯ್ಯುವಾಗ ಹೊಡೆಯುವ ಏಟು. ಗಂಡ ಸತ್ತ ಅನಾ ಪಕ್ಕದಲ್ಲಿ ನಿಂತು ಕಣ್ಣೀರು ಸುರಿಸುತ್ತ ಮದುವೆಯ ಹಾಡು ಹೇಳಿದಳು. ಸ್ವಲ್ಪ ಹೊತ್ತಿನಲ್ಲಿ ಪಕ್ಕದ ಅಂಗಳದಿಂದ ಇನ್ನೊಂದು ದಾಯಿರಾ ಎದ್ದಿತು. ಅದರಾಚೆ ಮತ್ತೊಂದು. ಯಾರೂ ಯಾರಿಗೂ ಹೇಳಿರಲಿಲ್ಲ. ಸಾವಿನ ಮನೆಯಲ್ಲಿ ಮದುವೆಯ ಸದ್ದು ಕೇಳಿದರೆ ನಮ್ಮೂರಿನ ಹೆಂಗಸಿಗೆ ಇನ್ನೇನು ಹೇಳಬೇಕು? ತೋಟದೊಳಗಿದ್ದವರಿಗೆ ಮಾತ್ರ ಅದು ಬರೀ ಮದುವೆ. ಶುಕ್ರವಾರ ಮದುವೆ ಇಲ್ಲದ ಊರುಂಟೇ? ತಮ್ಮ ಹೆಜ್ಜೆಯ ಸದ್ದು ಮುಚ್ಚಿತಲ್ಲ ಎಂದು ಖುಷಿಯಾಗಿಯೇ ಹತ್ತಿರಬೇಕು.

ಮೇಲೆ ಕಪ್ತಾನ ಊಟಕ್ಕೆ ಕೂತಿದ್ದನಂತೆ. “ಓಹೋ, ಕೆಳಗೆ ಮದುವೆ! ನಮಗೆ ಪಲಾವ್ ಕಳಿಸ್ತಾರೇನೋ” ಅಂದನಂತೆ.

ತೋರ್‌ಗುಲ್ ಕೈಯಲ್ಲಿದ್ದ ರೊಟ್ಟಿ ಬಿಸಾಕಿದ. “ಅದು ಉಸ್ತಾದ್ ಮನೆ ಸಾಹೇಬ್. ಅಲ್ಲಿ ಮುದುಕ ಸತ್ತಿದಾನೆ. ನಲವತ್ತು ಆಗಿಲ್ಲ.”

“ಅದಕ್ಕೇನೀಗ?”

“ಅದಕ್ಕೆ ಏಳಿ ಅಂದೆ!”

ಸಿಪಾಯಿಗಳು ಗೋಡೆಯನ್ನು ಸುತ್ತಿ ಎರಡೂ ಪಕ್ಕಕ್ಕೆ ಬಂದು ಬಂದೂಕು ಗುರಿಯಿಟ್ಟು ಮಲಗಿದರು. ಹತ್ತುತ್ತಿದ್ದವರು ಇನ್ನೂ ಬೋಳು ಇಳಿಜಾರಿನಲ್ಲಿದ್ದರು, ಅಡಗಲು ಒಂದು ಪೊದೆಯೂ ಇರಲಿಲ್ಲ. ಗುಂಡಿನ ಸದ್ದು ಹೆಚ್ಚು ಹೊತ್ತು ನಡೆಯಲಿಲ್ಲ. ಬಂದವರು ಗಾಯಗೊಂಡವರನ್ನು ಎಳೆದುಕೊಂಡು ತೋಟದ ಆಚೆಯಿಂದ ಓಡಿದರು. ಮಸೀದಿಯ ಬಾಗಿಲಲ್ಲಿ ನಿಂತವರೂ ಓಡಿದರು. ಯಾರು ಕೂಗಿದರು ಎಂದು ಕೇಳುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ಕೂಗಿಯೂ ಇರಲಿಲ್ಲವಲ್ಲ ಯಾರೂ.

ಅಪ್ಪ ನಡೆದುಕೊಂಡೇ ಮನೆಗೆ ಬಂದ. ದಾಯಿರಾ ಇನ್ನೂ ನನ್ನ ಕೈಯಲ್ಲಿತ್ತು. ಅಪ್ಪ ಅದನ್ನು ನೋಡಿ, ಬಾಬಾನ ಖಾಲಿ ಮಂಚದ ಕಾಲು ಮುಟ್ಟಿ ಕೂತ.

ತೋರ್‌ಗುಲ್‌ನ ತೊಡೆಗೆ ಗುಂಡು ತಗಲಿತ್ತು. ಕಾಲು ಉಳಿಯಿತು, ಓಟ ಹೋಯಿತು. ಗೋಡೆಗೆ ನಿಲ್ಲಿಸುವ ಮಾತನ್ನು ಕಪ್ತಾನ ಮತ್ತೆ ಆಡಲಿಲ್ಲ. ಸೈನ್ಯ ಅವನನ್ನು ಮನೆಗೆ ಕಳಿಸಿತು. ಅವನಿಗೆ ಮನೆ ಎಲ್ಲಿತ್ತು? ನಮ್ಮ ಬಾಗಿಲಿಗೆ ಬಂದ, ಬೀದಿಯಲ್ಲೇ ನಿಂತ. “ಉಸ್ತಾದ್ ಕಾಕಾ, ದಾಯಿರಾ ಹೊಡೆದದ್ದು ಯಾರು?” ಎಂದು ಕೇಳಿದ. ಅಪ್ಪ ಉತ್ತರ ಹೇಳಲಿಲ್ಲ. ಹೇಳಿದರೆ ಹೆಣ್ಣಿನ ಮಾತು ಎತ್ತಿದ ಹಾಗೆ. ಅವನೂ ಮತ್ತೆ ಕೇಳಲಿಲ್ಲ. ಕೇಳಿದರೆ ಹೆಣ್ಣು ಕೇಳಿದ ಹಾಗೆ. ಹೆಣ್ಣು ಕೇಳಲು ಗಂಡಿನ ಕಡೆಯ ಹೆಂಗಸರು ಬರಬೇಕು. ಅವನ ಕಡೆ ಹೆಂಗಸೇ ಇರಲಿಲ್ಲ.

ಅನಾ ಎದ್ದಳು. ಮುಸುಕು ಹೊದ್ದಳು, ಹಿತ್ತಿಲ ಬಾಗಿಲಿನಿಂದ ಹೊರಗೆ ಹೋದಳು, ಮನೆ ಸುತ್ತಿ ಬಂದು ಮುಂಬಾಗಿಲು ಬಡಿದಳು.

ಅಪ್ಪ ಬಾಗಿಲು ತೆಗೆದು ಕಂಗಾಲಾದ. “ಅಮ್ಮಾ, ಇದೇನು?”

“ಯಾರಪ್ಪಾ ನಿನ್ನಮ್ಮ? ನಾನು ಲಘ್ಮಾನಿನಿಂದ ಬಂದವಳು. ದೂರದ ದಾರಿ, ಕಾಲು ಬಿದ್ದುಹೋಗಿದೆ, ಚಹಾ ಕೊಡು. ನನ್ನ ಹುಡುಗನಿಗೆ ನಿನ್ನ ಮಗಳನ್ನ ಕೇಳೋಕೆ ಬಂದಿದೀನಿ.”

“ನಿಮ್ಮ ಹುಡುಗ ಕುಂಟ.”

“ನಿನ್ನ ಮಗಳ ಬಾಯಿ ಏನು ಕಡಿಮೆನಾ? ಹೊಂದಿಕೊಳ್ತಾರೆ.”

ಒಳಗೆ ಪರದೆ ಕಚ್ಚಿ ಹಿಡಿದು ನಾನು ನಕ್ಕೆ. ಅಪ್ಪನೂ ನಕ್ಕ. ಬಾಬಾ ಹೋದ ಮೇಲೆ ನಮ್ಮ ಮನೆಯಲ್ಲಿ ಅದೇ ಮೊದಲ ನಗು. ಊರಿನವರು “ಮನೆ ಅಳಿಯ, ಮನೆ ಅಳಿಯ” ಎಂದು ಅವನನ್ನು ಬಹಳ ವರ್ಷ ಕಾಡಿದರು. ಅವನು, “ಹೌದಪ್ಪಾ, ಲಘ್ಮಾನಿನವನು. ಕಾಲು ಕೊಟ್ಟು ಮನೆ ಹೊಡ್ಕೊಂಡೆ” ಎನ್ನುತ್ತಿದ್ದ.

ಅಪ್ಪನ ಹತ್ತಿರ ಗೋಡೆಯ ಕೆಲಸ ಕಲಿತ. ಅಪ್ಪ ಹೋದ ಮೇಲೆ ಅವನನ್ನೂ ಉಸ್ತಾದ್ ಎಂದರು. ನಮಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆ ಅವನು ನನಗೆ ಒಂದು ಮಾತೂ ಆಡಲಿಲ್ಲ, ಆಡಿದವರನ್ನು ಬಿಡಲೂ ಇಲ್ಲ.

ಆಮೇಲೆ ಸರ್ಕಾರ ಬಿತ್ತು. ಸಿಪಾಯಿಗಳು ಚೌಕಿ ಬಿಟ್ಟು ಹೋದರು. ಬೆಟ್ಟದವರು ಆಳುವವರಾದರು. ಕೆಲವೇ ದಿನದಲ್ಲಿ ಒಂದು ಗಾಡಿ ಬಂತು. ಗಂಡಸರನ್ನೆಲ್ಲ ಮಸೀದಿಯ ಅಂಗಳದಲ್ಲಿ ಸೇರಿಸಿದರು. ನಾನು ಮಸೀದಿಯ ಪಕ್ಕದ ಮನೆಯ ಮಾಳಿಗೆಯ ಅಂಚಿನಲ್ಲಿ ಬೋರಲು ಮಲಗಿ ಕೇಳಿಸಿಕೊಂಡೆ.

“ಈ ಊರಿನಲ್ಲಿ ಒಬ್ಬ ಹವಾಲ್ದಾರ ಇದ್ದನಲ್ಲ. ಎಲ್ಲಿ?”

ಆ ಕುರಿ ಕಾಯುವ ಮುದುಕನ ದನಿ ಕೇಳಿತು. ಅವನಿಗೆ ಆಗ ಹಲ್ಲು ಒಂದೂ ಇರಲಿಲ್ಲ.

“ಹವಾಲ್ದಾರ್ರು ಬಂದ್ರು, ಹೋದ್ರು. ನಮಗೇನು ಗೊತ್ತು ಸ್ವಾಮಿ.”

“ಈ ಕುಂಟ ಯಾರು?”

“ಅವನಾ? ನಮ್ಮ ಅಖ್ಮೀರ್ ಉಸ್ತಾದ್‌ನ ಅಳಿಯ. ನೀವು ಒರಗಿ ನಿಂತಿರೋ ಗೋಡೆ ಅವನದೇ. ಕೈ ನೋಡಿ, ಉಗುರಲ್ಲಿ ಮಣ್ಣು ಹೇಗಿದೆ. ಇವನನ್ನ ಹಿಡ್ಕೊಂಡು ಹೋದರೆ ನನ್ನ ದೊಡ್ಡಿ ಗೋಡೆ ಯಾರು ಮುಗಿಸ್ತಾರೆ? ನೀವಾ?”

ಇನ್ನೊಬ್ಬ ಹೇಳಿದ, “ನಮ್ಮವನು.” ಮತ್ತೊಬ್ಬ ಹೇಳಿದ, “ನಮ್ಮೂರಿನವನು.” ಒಬ್ಬೊಬ್ಬರಾಗಿ ಎಲ್ಲರೂ ಹೇಳಿದರು. ಬಂದವನು ತೋರ್‌ಗುಲ್‌ನ ಕೈ ಹಿಡಿದು ತಿರುಗಿಸಿ ನೋಡಿದ, ಮುಖವನ್ನೂ ನೋಡಿದ. ಅವನಿಗೆ ಗೊತ್ತಾಗಿತ್ತು ಎಂದು ತೋರ್‌ಗುಲ್ ಸಾಯುವವರೆಗೂ ಹೇಳುತ್ತಿದ್ದ. ಆದರೆ ಇಡೀ ಊರು ಎದುರಿಗೆ ನಿಂತು ಒಂದೇ ಮಾತು ಹೇಳುತ್ತಿತ್ತು. ಗಾಡಿ ಹೋಯಿತು.

ಮನೆಗೆ ಬಂದು ತೋರ್‌ಗುಲ್ ಬಾಗಿಲಲ್ಲಿ ನಿಂತ. “ಬರ್ತಾ ಇದ್ದೀನಿ” ಎಂದು ಕೂಗಿದ. ಅದು ಅವನ ಅಭ್ಯಾಸ, ಸ್ವಂತ ಮನೆಗೂ ಕೂಗಿಯೇ ಬರುತ್ತಿದ್ದ. ನಾನು, “ಬಾ ಹವಾಲ್ದಾರಾ” ಅಂದೆ. “ಹವಾಲ್ದಾರ ಯಾರೇ? ಊರೆಲ್ಲ ಇಲ್ಲ ಅಂತಿದೆ” ಅಂದ.

ಚೌಕಿಯಲ್ಲಿ ಈಗ ಯಾರೂ ಇಲ್ಲ. ತಂತಿ, ತಗಡು, ಮರ, ಮೂಟೆ ಎಲ್ಲವನ್ನೂ ಊರಿನವರು ಹೊತ್ತು ತಂದು ಕೊಟ್ಟಿಗೆಗೆ ಹಾಕಿಕೊಂಡರು. ಊರಿನ ಕಡೆಗಿದ್ದ ಗೋಡೆಯನ್ನು ಯಾರೂ ಮುಟ್ಟಲಿಲ್ಲ. ಪ್ರತಿ ಶರತ್ಕಾಲದಲ್ಲಿ ತೋರ್‌ಗುಲ್ ಕುಂಟುತ್ತ ಹತ್ತಿ ಅದರ ತಲೆಗೆ ಹೊಸ ಮಣ್ಣು ಮೆತ್ತಿ ಬರುತ್ತಿದ್ದ. ಈ ಸಲವೂ ಹೋದ. ಬೇಡ ಅಂದೆ, ಗಾಳಿ ಕೆಟ್ಟದಿದೆ ಅಂದೆ. ಕೇಳಲಿಲ್ಲ. ಬಂದ ದಿನವೇ ಕೆಮ್ಮು ಹತ್ತಿತು.

ಪಕ್ಕದ ಮನೆಯ ಹುಡುಗಿಗೆ ಮದುವೆ ಗೊತ್ತಾಗಿತ್ತು. ಅವನು ಸತ್ತ ದಿನ ಅವಳ ತಾಯಿ ಬಂದು ನನ್ನ ಹತ್ತಿರ ಕೂತಳು. “ನಲವತ್ತು ಮುಗೀಲಿ ಶಿಂಕೈ. ಆಮೇಲೆ ನೋಡೋಣ” ಅಂದಳು. ಲಘ್ಮಾನಿನ ಒಬ್ಬ ಕುಂಟನಿಗೋಸ್ಕರ ಜರ್ಕಲೈ ಊರು ದಾಯಿರಾ ಎತ್ತಿಟ್ಟಿತು. ನನಗೆ ಇನ್ನೇನು ಬೇಕು?

ನಲವತ್ತು ನಿನ್ನೆಗೆ ಮುಗಿಯಿತು. ಇವತ್ತು ಆ ಹುಡುಗಿಯೇ ಬಂದು ಬಾಗಿಲಲ್ಲಿ ನಿಂತಳು. “ಚಿಕ್ಕಮ್ಮಾ, ನಿನ್ನ ದಾಯಿರಾ ಕೊಡ್ತೀಯಾ? ಬೇರೆದು ಬೇಡ ಅಂತಾಳೆ ಅಮ್ಮ” ಅಂದಳು. ಹಾಡು, ವಾದ್ಯ ಬೇಡವೆಂದು ಆಳುವವರ ಅಪ್ಪಣೆ, ಈಗ ಜೋರಾಗಿ ಬಾರಿಸುವ ಹಾಗಿಲ್ಲ. ಒಳಕೋಣೆಯಲ್ಲಿ ಕಿಟಕಿಗೆ ಕಂಬಳಿ ಇಳಿಬಿಟ್ಟು ಬಾರಿಸುತ್ತಾರೆ. ನಾನು ಹೋಗುವುದಿಲ್ಲ, ವಿಧವೆ ಮನೆಯಲ್ಲೇ ಕೂರಬೇಕಾದ ದಿನಗಳು ಇನ್ನೂ ಇವೆ. ದಾಯಿರಾ ಹೋಗುತ್ತದೆ. ಚಳಿಗೆ ಚರ್ಮ ಸಡಿಲವಾಗಿತ್ತು, ಅಂಗಳದಲ್ಲಿ ಬಿಸಿಲಿಗೆ ಇಟ್ಟಿದ್ದೇನೆ. ಆಗಾಗ ಬೆರಳಿನಿಂದ ತಟ್ಟಿ ನೋಡುತ್ತೇನೆ. ದನಿ ಬರುತ್ತಿದೆ.